ಹುಣಸೆ ಬೀಜ, ಗೋರಿಕಾಯಿ ಅಂಟು: ಗಿಡದ ಹೈಡ್ರೋಜೆಲ್ ಔಷಧಿಯಾಗುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಬಿ.ಫಾರ್ಮ್ ಓದುತ್ತಿದ್ದಾಳೆ. ಹುಣಸೆ ಬೀಜ, ಗೋರಿಕಾಯಿ, ಪೆಕ್ಟಿನ್ ಇಂಥವುಗಳಿಂದ ಹೈಡ್ರೋಜೆಲ್ ಮಾಡಿ ಔಷಧಿ ಕೊಡಬಹುದು, ಅಂಗಾಂಶವನ್ನೂ ಬೆಳೆಸಬಹುದು ಎಂದು ತರಗತಿಯಲ್ಲಿ ಹೇಳಿದರಂತೆ. ಪಾಲಕ್ ಎಲೆಯ ಮೇಲೆ ಹೃದಯದ ಜೀವಕೋಶಗಳು ಮಿಡಿದ ವಿಷಯವೂ ಬಂತಂತೆ. ಇದರಲ್ಲಿ ಈಗಾಗಲೇ ಆಗಿರುವುದು ಎಷ್ಟು, ಮುಂದೆ ಆಗಬಹುದಾದ್ದು ಎಷ್ಟು? ಅವಳು ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಬೇಕು ಅಂತಿದ್ದಾಳೆ. ಇನ್ನೊಂದು ವಿಷಯ: ನನ್ನ ತಂದೆಗೆ ಸಕ್ಕರೆ ಕಾಯಿಲೆ ಇದೆ. ಅಂಗಾಲಿನಲ್ಲಿ ಎರಡು ವಾರದಿಂದ ಒಂದು ಗಾಯ ಮಾಯುತ್ತಿಲ್ಲ. ಗಿಡದ ಜೆಲ್ ಇಷ್ಟು ಒಳ್ಳೆಯದಾದರೆ ಮನೆಯ ಲೋಳೆಸರವನ್ನೇ ಹಚ್ಚಬಹುದಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಅದು ಕಾಯುವ ವಿಷಯವಲ್ಲ. ತಂದೆಯವರ ಗಾಯಕ್ಕೆ ಲೋಳೆಸರ ಹಚ್ಚಬೇಡಿ. ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ನರಗಳು ಮಂಕಾಗಿರಬಹುದು, ರಕ್ತದ ಹರಿವೂ ಕಡಿಮೆಯಾಗಿರಬಹುದು. ಹಾಗಾಗಿ ಸೋಂಕು ಒಳಗೆ ಇಳಿಯುತ್ತಿದ್ದರೂ ಅವರಿಗೆ ನೋವು ಗೊತ್ತಾಗದೇ ಇರಬಹುದು. ಹಿತ್ತಲಿನಿಂದ ಕಿತ್ತ ಎಲೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಇರುತ್ತದೆ. ಸಿಪ್ಪೆಯ ಕೆಳಗಿನ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ತೆರೆದ ಗಾಯದ ಮೇಲೆ ಇವೆರಡೂ ಬೇಡ. ಎರಡು ವಾರ ಮಾಯದ ಅಂಗಾಲಿನ ಗಾಯವನ್ನು ನಾಳೆಯೇ ವೈದ್ಯರಿಗೆ ತೋರಿಸಿ. ಅವರು ಪಾದದ ನಾಡಿ ನೋಡುತ್ತಾರೆ, ಸತ್ತ ಚರ್ಮ ತೆಗೆಯುತ್ತಾರೆ, ಸೋಂಕು ಇದೆಯೇ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾಗದ ಮೇಲೆ ಭಾರ ಬೀಳದಂತೆ ವ್ಯವಸ್ಥೆ ಮಾಡುತ್ತಾರೆ. ಗಾಯದ ಮೇಲೆಯೇ ನಡೆಯುತ್ತಿದ್ದರೆ ಜಗತ್ತಿನ ಯಾವ ಜೆಲ್ಲೂ ಅದನ್ನು ಮಾಯಿಸುವುದಿಲ್ಲ.

ಇನ್ನು ಮಗಳ ವಿಷಯ. ತರಗತಿಯಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಔಷಧಿ ಕೊಡುವುದು ಮತ್ತು ಅಂಗಾಂಶ ಬೆಳೆಸುವುದು ಎರಡೂ ಒಂದೇ ಹಂತದಲ್ಲಿ ಇಲ್ಲ. ಮೊದಲನೆಯದು ನಿಮ್ಮ ಮನೆಯ ಔಷಧಿ ಡಬ್ಬಿಗೆ ಬಂದು ಬಹಳ ಕಾಲವಾಗಿದೆ. ಎರಡನೆಯದು ಇನ್ನೂ ಬಹುಪಾಲು ಲ್ಯಾಬಿನಲ್ಲೇ ಇದೆ. ಯಾಕೆ ಹೀಗೆ ಎನ್ನುವುದರಲ್ಲೇ ಈ ವಿಷಯದ ತಿರುಳಿದೆ.

ಹೈಡ್ರೋಜೆಲ್ ಎಂದರೆ ನೀರನ್ನು ತುಂಬಾ ಇಷ್ಟಪಡುವ ಉದ್ದನೆಯ ಅಣುಗಳ ಜಾಲ. ಆ ಎಳೆಗಳು ಬಿಡಿಯಾಗಿದ್ದರೆ ನೀರಿನಲ್ಲಿ ಕರಗಿಹೋಗುತ್ತವೆ. ಅಲ್ಲಲ್ಲಿ ಗಂಟು ಬಿದ್ದಿದ್ದರೆ ಕರಗುವುದಿಲ್ಲ, ನೀರು ಕುಡಿದು ಉಬ್ಬಿ ನಿಲ್ಲುತ್ತವೆ. ಕಾಮಕಸ್ತೂರಿ ಬೀಜ ನೆನೆಸಿದಾಗ ಸುತ್ತ ಮೂಡುವ ಪಾರದರ್ಶಕ ಪದರ ನೋಡಿದ್ದೀರಲ್ವಾ? ಅದೂ ಇದೇ ಜಾತಿಯದು. ಗಿಡದಿಂದ ಬರುವ ಎಳೆಗಳು ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯ ಸರಪಳಿಗಳೇ: ಮರ ಮತ್ತು ಹತ್ತಿಯ ಸೆಲ್ಯುಲೋಸ್, ಹಣ್ಣಿನ ಸಿಪ್ಪೆಯ ಪೆಕ್ಟಿನ್, ಗೋರಿಕಾಯಿ ಬೀಜದ ಗ್ವಾರ್ ಗಮ್, ಹುಣಸೆ ಬೀಜದ ಕ್ಸೈಲೋಗ್ಲೂಕಾನ್. ಸಮುದ್ರದ ಕಂದು ಪಾಚಿಯ ಆಲ್ಜಿನೇಟನ್ನೂ ಸಾಮಾನ್ಯವಾಗಿ ಇದೇ ಸಾಲಿಗೆ ಸೇರಿಸುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಗಿಡವಲ್ಲ. ಆದರೂ ಈ ಕ್ಷೇತ್ರದಲ್ಲಿ ಅದನ್ನು ಬಿಟ್ಟು ಮಾತಾಡುವುದು ಸಾಧ್ಯವಿಲ್ಲ.

ಈಗ ನಿಮ್ಮ ಮನೆಗೇ ಬರೋಣ. ತಂದೆಯವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್ಆರ್ ಅಥವಾ ಎಕ್ಸ್ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಅಂಥ ಅನೇಕ ಮಾತ್ರೆಗಳ ಒಳಗೆ ಎಚ್‌ಪಿಎಂಸಿ ಎಂಬ ಪುಡಿ ಇರುತ್ತದೆ. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸನ್ನು ರಾಸಾಯನಿಕವಾಗಿ ಸ್ವಲ್ಪ ಬದಲಿಸಿ ಮಾಡಿದ್ದು ಅದು. ಮಾತ್ರೆ ಹೊಟ್ಟೆಗೆ ಹೋಗಿ ಒದ್ದೆಯಾದ ಕೂಡಲೇ ಹೊರಮೈ ಜೆಲ್ ಆಗುತ್ತದೆ. ಔಷಧಿ ಆ ಜೆಲ್ಲಿನ ಪದರ ದಾಟಿ ನಿಧಾನವಾಗಿ ಹೊರಬರಬೇಕು. ಮಾಮೂಲಿ ಮೆಟ್‌ಫಾರ್ಮಿನ್ ಎರಡು ಮೂರು ಗಂಟೆಯಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಗ್ಲೂಕೋಫೇಜ್ ಎಕ್ಸ್ಆರ್ ಎಂಬ ಮಾತ್ರೆಯಲ್ಲಿ ಅದು 4ರಿಂದ 8 ಗಂಟೆಗೆ ಹೋಗುತ್ತದೆ. ಇಂಥ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು ಎನ್ನುವುದು ಇದಕ್ಕೇ. ಪುಡಿ ಮಾಡಿದರೆ ಜೆಲ್ಲಿನ ಕೋಟೆಯೇ ಇರುವುದಿಲ್ಲ, ಇಡೀ ದಿನದ ಔಷಧಿ ಒಟ್ಟಿಗೆ ಬಿಡುಗಡೆಯಾಗುತ್ತದೆ. ಇನ್ನೊಂದು ಮಾತು. ಕೆಲವೊಮ್ಮೆ ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆಯ ತುಂಡು ಕಾಣಿಸುತ್ತದೆ. ಮಾತ್ರೆ ಕರಗಲೇ ಇಲ್ಲ ಎಂದು ಜನ ಗಾಬರಿಯಾಗುತ್ತಾರೆ. ಅದು ಖಾಲಿಯಾದ ಜೆಲ್. ಔಷಧಿ ಆಗಲೇ ದೇಹ ಸೇರಿರುತ್ತದೆ. ನಮ್ಮ ಕರುಳಿಗೆ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಇಲ್ಲ, ಅದಕ್ಕೇ ಅದು ಹಾಗೇ ಹೊರಬರುತ್ತದೆ. ಈ ಮಾತು ನೆನಪಿಡಿ, ಅಂಗಾಂಶದ ವಿಷಯಕ್ಕೆ ಬಂದಾಗ ಇದೇ ತೊಡಕಾಗುತ್ತದೆ.

ಗೋರಿಕಾಯಿಯ ಕಥೆಯೂ ಸೊಗಸು. ಅದರ ಬೀಜದ ಅಂಟನ್ನು ಬದಲಿಸಿ ಮಾಡಿದ ಎಚ್‌ಪಿ ಗ್ವಾರ್, ಕಣ್ಣು ಒಣಗುವವರಿಗೆ ಕೊಡುವ ಸಿಸ್ಟೇನ್ ಎಂಬ ಹನಿಯಲ್ಲಿದೆ. ಬಾಟಲಿಯಲ್ಲಿ ಅದು ತೆಳ್ಳಗಿರುತ್ತದೆ. ಕಣ್ಣಿಗೆ ಬಿದ್ದು ಕಣ್ಣೀರಿನ ಜೊತೆ ಬೆರೆತಾಗ ಅದರಲ್ಲಿರುವ ಬೋರೇಟ್ ಈ ಎಳೆಗಳ ನಡುವೆ ಗಂಟು ಹಾಕುತ್ತದೆ. ಹನಿ ಕಣ್ಣಿನ ಮೇಲೆಯೇ ಮೃದುವಾದ ಜೆಲ್ ಆಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಜಗತ್ತಿನ ಗೋರಿಕಾಯಿ ಅಂಟಿನಲ್ಲಿ ಹೆಚ್ಚಿನ ಪಾಲು ಭಾರತದ್ದೇ, ಅದರಲ್ಲೂ ರಾಜಸ್ಥಾನದ ಒಣ ಜಮೀನಿನದು.

ಈಗ ಹುಣಸೆ ಬೀಜ. ನನ್ನ ಪ್ರಕಾರ ಇಡೀ ಗುಂಪಿನಲ್ಲಿ ಜಾಸ್ತಿ ಕುತೂಹಲದ ವಸ್ತು ಇದೇ. ನಮ್ಮಲ್ಲಿ ಹುಣಸೆಹಣ್ಣು ಬಿಡಿಸಿದ ಮೇಲೆ ಬೀಜಕ್ಕೆ ದೊಡ್ಡ ಬೆಲೆ ಇಲ್ಲ. ಅದರ ಪುಡಿಯ ಗಂಜಿಯನ್ನು ನೂಲಿಗೆ ಬಳಿಯಲು ಬಳಸುತ್ತಾರೆ. ಚಿತ್ರದುರ್ಗ ಕಡೆ ಕಂಬಳಿ ನೇಯುವವರಿಗೂ ಇದು ಗೊತ್ತು. ಆ ಗಂಜಿಯನ್ನು ಗಟ್ಟಿ ಮಾಡುವ ಅಣುವೇ ಕ್ಸೈಲೋಗ್ಲೂಕಾನ್. ಅದರ ಬೆನ್ನೆಲುಬು ಗ್ಲೂಕೋಸಿನದು, ಸೆಲ್ಯುಲೋಸಿನ ಹಾಗೇ. ಆದರೆ ಉದ್ದಕ್ಕೂ ಕ್ಸೈಲೋಸಿನ ಚಿಕ್ಕ ರೆಂಬೆಗಳಿವೆ, ಕೆಲವು ರೆಂಬೆಗಳ ತುದಿಯಲ್ಲಿ ಗ್ಯಾಲಕ್ಟೋಸ್ ಇದೆ. ಈ ಗ್ಯಾಲಕ್ಟೋಸ್ ಇರುವವರೆಗೆ ಎಳೆಗಳು ಒಂದಕ್ಕೊಂದು ಹತ್ತಿರ ಬರುವುದಿಲ್ಲ. ನೀರಿನಲ್ಲಿ ಮಂದವಾಗುತ್ತವೆ, ಅಷ್ಟೇ. ತಾವಾಗಿ ಜೆಲ್ ಕಟ್ಟುವುದಿಲ್ಲ. ಒಂದು ಕಿಣ್ವ ಹಾಕಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ, ಅಂದರೆ ಸುಮಾರು 35 ಶೇಕಡಾ ದಾಟಿ ಗ್ಯಾಲಕ್ಟೋಸನ್ನು ಕತ್ತರಿಸಿದರೆ ಗುಣವೇ ಬದಲಾಗುತ್ತದೆ. ತಣ್ಣಗಿದ್ದಾಗ ದ್ರವ, ಮೈ ಬಿಸಿಗೆ ಬಂದಾಗ ಜೆಲ್. ಎಷ್ಟು ಕತ್ತರಿಸಿದ್ದೀರಿ ಎನ್ನುವುದರ ಮೇಲೆ ಯಾವ ಉಷ್ಣಾಂಶದಲ್ಲಿ ಗಟ್ಟಿಯಾಗಬೇಕು ಎನ್ನುವುದನ್ನೂ ಹೊಂದಿಸಬಹುದು.

ಇದರ ಉಪಯೋಗ ಏನು? ಮಾಮೂಲಿ ಕಣ್ಣಿನ ಹನಿ ಹಾಕಿದಾಗ ಬಹುಪಾಲು ಕೆಲವೇ ನಿಮಿಷದಲ್ಲಿ ಕಣ್ಣೀರಿನ ಜೊತೆ ಹರಿದುಹೋಗುತ್ತದೆ. ಕಣ್ಣಿನ ಒಳಗೆ ಸೇರುವ ಔಷಧಿ ಸಾಮಾನ್ಯವಾಗಿ 5 ಶೇಕಡಾಕ್ಕಿಂತ ಕಡಿಮೆ. ಹನಿ ಕಣ್ಣಿನಲ್ಲೇ ಜೆಲ್ ಆದರೆ ಅಲ್ಲೇ ನಿಲ್ಲುತ್ತದೆ. ಜಪಾನಿನ ಸಂಶೋಧಕರು 2001ರಲ್ಲಿ ಗ್ಲಾಕೋಮಾಕ್ಕೆ ಕೊಡುವ ಪೈಲೋಕಾರ್ಪಿನ್ ಔಷಧಿಯನ್ನು ಇಂಥ ಹುಣಸೆ ಜೆಲ್ಲಿನಲ್ಲಿ ಬೆರೆಸಿ ಮೊಲಗಳ ಕಣ್ಣಿಗೆ ಹಾಕಿ ನೋಡಿದರು. 1.5 ಶೇಕಡಾ ಹುಣಸೆ ಪಾಲಿಮರ್, 25 ಶೇಕಡಾ ಸಿಂಥೆಟಿಕ್ ಪ್ಲೂರಾನಿಕ್ ಜೆಲ್ಲಿನಷ್ಟೇ ಪರಿಣಾಮ ಕೊಟ್ಟಿತು. ಒಂದೂವರೆ ಎಲ್ಲಿ, ಇಪ್ಪತ್ತೈದು ಎಲ್ಲಿ! ಕಣ್ಣಿಗೆ ಹಾಕುವ ಹೊರಗಿನ ವಸ್ತು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಗ್ಯಾಲಕ್ಟೋಸ್ ಕತ್ತರಿಸದ ಹುಣಸೆ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಸರಪಳಿ, ಕೂಡ ಕೆಲಸಕ್ಕೆ ಬರುತ್ತದೆ. ಅದರ ರೆಂಬೆಗಳ ರಚನೆ ಕಣ್ಣಿನ ಮೇಲ್ಮೈಯ ಲೋಳೆಯನ್ನೇ ಹೋಲುವುದರಿಂದ ಅಲ್ಲಿ ಚೆನ್ನಾಗಿ ಅಂಟಿಕೊಳ್ಳುತ್ತದೆ. ಯುರೋಪಿನಲ್ಲಿ ಅದನ್ನು ಸೇರಿಸಿದ ಕಣ್ಣಿನ ಹನಿಗಳು ಮಾರಾಟಕ್ಕೆ ಬಂದಿವೆ.

ಪೆಕ್ಟಿನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕ್ಯಾನ್ಸರ್ ರೋಗಿಗಳಿಗೆ ಇದ್ದಕ್ಕಿದ್ದಂತೆ ಏಳುವ ತೀವ್ರ ನೋವಿಗೆ ಫೆಂಟನಿಲ್ ಮೂಗಿನ ಸ್ಪ್ರೇ ಇದೆ. ಪೆಕ್‌ಫೆಂಟ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ 2010ರಲ್ಲಿ ಅನುಮತಿ ಪಡೆಯಿತು. ಅದರಲ್ಲಿರುವ ಪೆಕ್ಟಿನ್ ಮೂಗಿನ ಒಳಗಿನ ಕ್ಯಾಲ್ಸಿಯಂ ತಾಗಿ ಜೆಲ್ ಆಗುತ್ತದೆ. ಔಷಧಿ ಗಂಟಲಿಗೆ ಸೋರಿಹೋಗದೆ ಮೂಗಿನಲ್ಲೇ ಉಳಿದು ಹೀರಲ್ಪಡುತ್ತದೆ. ಇನ್ನೊಂದು ದಾರಿಯೂ ಇದೆ. ಪೆಕ್ಟಿನ್ನನ್ನು ನಮ್ಮ ಹೊಟ್ಟೆ ಜೀರ್ಣಿಸುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಜೀರ್ಣಿಸುತ್ತವೆ. ಹಾಗಾಗಿ ದೊಡ್ಡ ಕರುಳಿಗೇ ತಲುಪಬೇಕಾದ ಔಷಧಿಗೆ ಅದು ಹೊದಿಕೆಯಾಗಬಲ್ಲದು.

ಇಷ್ಟು ಚೆನ್ನಾಗಿದ್ದರೆ ಎಲ್ಲ ಔಷಧಿಯನ್ನೂ ಹೀಗೇ ಕೊಡಬಹುದಲ್ಲ ಎಂದು ನಿಮ್ಮ ಮಗಳು ಕೇಳಬಹುದು. ಆಗುವುದಿಲ್ಲ. ಮೆತ್ತನೆಯ ಜೆಲ್ಲಿನ ಜಾಲದ ರಂಧ್ರಗಳು ಸಾಮಾನ್ಯವಾಗಿ 5ರಿಂದ 100 ನ್ಯಾನೋಮೀಟರ್. ಸಾಧಾರಣ ಔಷಧಿಯ ಅಣು ಒಂದು ನ್ಯಾನೋಮೀಟರ್ ಆಸುಪಾಸು. ಮೀನು ಹಿಡಿಯುವ ಬಲೆಯಲ್ಲಿ ಸಾಸಿವೆ ಹಾಕಿಟ್ಟ ಹಾಗೆ. ಜೆಲ್ ಎಷ್ಟೇ ದಿನ ಉಳಿಯಲಿ, ಔಷಧಿ ಕೆಲವೇ ಗಂಟೆಗಳಲ್ಲಿ ಸೋರಿಹೋಗುತ್ತದೆ. ಮಾತ್ರೆಯಲ್ಲಿ ಇದು ಸಮಸ್ಯೆಯಲ್ಲ, ನಮಗೆ ಬೇಕಾದ್ದು ಗಂಟೆಗಳ ಲೆಕ್ಕವೇ. ಆದರೆ ಮೂಳೆಯ ಸೋಂಕಿನ ಹತ್ತಿರ ವಾರಗಟ್ಟಲೆ ಆಂಟಿಬಯಾಟಿಕ್ ಇರಬೇಕು ಎಂದರೆ ಬರೀ ಗಿಡದ ಜೆಲ್ ಸಾಲದು. ಔಷಧಿಯನ್ನು ಎಳೆಗೇ ಕಟ್ಟಬೇಕು, ಅಥವಾ ಚಿಕ್ಕ ಕಣಗಳೊಳಗೆ ಇಟ್ಟು ಆ ಕಣಗಳನ್ನು ಜೆಲ್ಲಿಗೆ ಸೇರಿಸಬೇಕು. ದೊಡ್ಡ ಗಾತ್ರದ ಪ್ರೋಟೀನ್ ಔಷಧಿಗಳಿಗೆ ಮಾತ್ರ ಜಾಲದ ರಂಧ್ರವೇ ತಡೆಯಾಗಬಲ್ಲದು, ಅದೂ ಜಾಲ ಒತ್ತಾಗಿದ್ದರೆ.

ಗಾಯದ ಡ್ರೆಸ್ಸಿಂಗ್ ಔಷಧಿ ಕೊಡುವುದು, ಅಂಗಾಂಶ ಬೆಳೆಸುವುದು ಎಂಬ ಎರಡೂ ಲೋಕಗಳ ನಡುವೆ ಇದೆ. ಗಾಯವನ್ನು ಒಣಗಲು ಬಿಡಬೇಕು ಎನ್ನುವುದು ನಮ್ಮ ಹಿರಿಯರ ನಂಬಿಕೆ. ಬಹಳ ವರ್ಷ ವೈದ್ಯರದ್ದೂ ಅದೇ ಆಗಿತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದಲ್ಲಿ ಮೇಲ್ಮಟ್ಟದ ಗಾಯ ಮಾಡಿ ನೋಡಿದರು. ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯಿತು. ಆಮೇಲೆ ಬಂದ ಹೈಡ್ರೋಕೊಲಾಯ್ಡ್ ಡ್ರೆಸ್ಸಿಂಗುಗಳಲ್ಲಿ ಪೆಕ್ಟಿನ್ ಮತ್ತು ಸಿಎಂಸಿ ಎಂಬ ಸೆಲ್ಯುಲೋಸ್ ಅಂಟು ಇರುತ್ತವೆ, ಜೊತೆಗೆ ಪ್ರಾಣಿಮೂಲದ ಜೆಲಟಿನ್. ಆಲ್ಜಿನೇಟ್ ಡ್ರೆಸ್ಸಿಂಗ್ ಹತ್ತಿಯ ಹಾಗೆ ಒಣದಾಗಿ ಬರುತ್ತದೆ. ಗಾಯದ ನೀರಿನಲ್ಲಿರುವ ಸೋಡಿಯಂ ಅದರ ಕ್ಯಾಲ್ಸಿಯಂ ಜಾಗಕ್ಕೆ ಬಂದಾಗ ಜೆಲ್ ಆಗುತ್ತದೆ. ತಂದೆಯವರಿಗೆ ವೈದ್ಯರು ಇಂಥದ್ದನ್ನು ಬರೆದುಕೊಟ್ಟರೆ ಹಿಂಜರಿಯಬೇಡಿ. ನೀರು ಸೋರುವ ಗಾಯಕ್ಕೆ ಒಂದು, ಒಣ ಗಾಯಕ್ಕೆ ಇನ್ನೊಂದು, ಸೋಂಕಿದ್ದರೆ ಮತ್ತೊಂದು. ಆಯ್ಕೆ ಅವರಿಗೇ ಬಿಡಿ. ಲೋಳೆಸರದಲ್ಲೂ ಅಸೆಮನ್ನಾನ್ ಎಂಬ ಒಳ್ಳೆಯ ಪಾಲಿಸ್ಯಾಕರೈಡ್ ಇದೆ, ಅದನ್ನು ಶುದ್ಧ ಮಾಡಿ ಅಧ್ಯಯನಗಳಲ್ಲಿ ಬಳಸಿದ್ದಾರೆ. ಆದರೆ ಎಲೆಯ ತಿರುಳಿನಲ್ಲಿ 98 ಶೇಕಡಾಕ್ಕಿಂತ ಜಾಸ್ತಿ ನೀರೇ. ಕತ್ತರಿಸಿ ಇಟ್ಟ ಮೇಲೆ ಆ ಅಣುವೂ ಬೇಗ ಕೆಡುತ್ತದೆ. ಶುದ್ಧ ಮಾಡಿದ, ಸ್ಟೆರೈಲ್ ಮಾಡಿದ, ಅಳೆದ ಜೆಲ್ ಬೇರೆ. ಹಿತ್ತಲಿನ ಎಲೆ ಬೇರೆ.

ಇನ್ನು ಪಾಲಕ್ ಎಲೆ. 2017ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟಿನ ತಂಡ ಪಾಲಕ್ ಎಲೆಯ ದಂಟಿನ ಮೂಲಕ ಡಿಟರ್ಜೆಂಟ್ ದ್ರಾವಣ ಹರಿಸಿ, ಗಿಡದ ಜೀವಕೋಶಗಳನ್ನೆಲ್ಲ ತೊಳೆದುಹಾಕಿತು. ಉಳಿದದ್ದು ಬಿಳಿಚಿಕೊಂಡ ಸೆಲ್ಯುಲೋಸಿನ ಎಲೆ, ನರಗಳ ಜಾಲ ಹಾಗೇ ಇತ್ತು. ಅದರ ಮೇಲೆ ಮನುಷ್ಯರ ಕಾಂಡಕೋಶಗಳಿಂದ ಬೆಳೆಸಿದ ಹೃದಯದ ಜೀವಕೋಶಗಳನ್ನು ಬಿಟ್ಟಾಗ ಅವು ಮೂರು ವಾರದವರೆಗೆ ಮಿಡಿದವು. ಇದು ನಿಜ. ಸುಂದರವೂ ಹೌದು. ಎಲೆಯೇ ಯಾಕೆ? ನಮ್ಮ ದೇಹದಲ್ಲಿ ಹೆಚ್ಚಿನ ಜೀವಕೋಶಗಳು ಒಂದಲ್ಲ ಒಂದು ರಕ್ತನಾಳದಿಂದ 100ರಿಂದ 200 ಮೈಕ್ರೋಮೀಟರ್ ಒಳಗೇ ಇರುತ್ತವೆ. ಅದಕ್ಕಿಂತ ದೂರ ಹೋದರೆ ಆಮ್ಲಜನಕ ಸಿಗದೆ ಸಾಯುತ್ತವೆ. ಲ್ಯಾಬಿನಲ್ಲಿ ದಪ್ಪ ಅಂಗಾಂಶ ಬೆಳೆಸಲು ಇರುವ ದೊಡ್ಡ ಅಡ್ಡಿ ಇದು. ಎಲೆಯ ನರಗಳು ದೊಡ್ಡದರಿಂದ ಚಿಕ್ಕದಕ್ಕೆ ಕವಲೊಡೆಯುತ್ತಾ ಹೋಗುವ ಸಿದ್ಧ ಜಾಲ ಅಲ್ವಾ, ಅದನ್ನೇ ರಕ್ತನಾಳವಾಗಿ ಬಳಸಬಹುದೇ ಎಂಬುದು ಅವರ ಯೋಚನೆ. ಇದಕ್ಕೂ ಮೊದಲು, ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಪೆಲ್ಲಿಂಗ್ ಅವರ ತಂಡ ಹೀಗೇ ತೊಳೆದ ಸೇಬಿನ ತುಂಡಿನಲ್ಲಿ ಪ್ರಾಣಿಗಳ ಜೀವಕೋಶ ಬೆಳೆಸಿತ್ತು. ಆಮೇಲೆ ಅಂಥ ತುಂಡುಗಳನ್ನು ಇಲಿಗಳ ಚರ್ಮದ ಕೆಳಗೆ ಇಟ್ಟಾಗ ಅದರೊಳಗೆ ರಕ್ತನಾಳಗಳೂ ಹೊಕ್ಕವು.

ಆದರೆ ಮಿಡಿದ ಜೀವಕೋಶಗಳಿಂದ ಹೃದಯದ ತೇಪೆಗೆ ಇನ್ನೂ ಬಹಳ ದೂರವಿದೆ. ಮೊದಲ ತೊಡಕು ಹಿಡಿತ. ನಮ್ಮ ಜೀವಕೋಶಗಳು ಕೊಲಾಜೆನ್, ಫೈಬ್ರೋನೆಕ್ಟಿನ್‌ನಂಥ ಪ್ರೋಟೀನುಗಳನ್ನು ಹಿಡಿದು ನಿಲ್ಲುತ್ತವೆ. ಸಕ್ಕರೆಯ ಸರಪಳಿಯಲ್ಲಿ ಅವುಗಳಿಗೆ ಹಿಡಿಯಲು ಏನೂ ಇಲ್ಲ. ಹಿಡಿತವಿಲ್ಲದ ಜೀವಕೋಶ ಉಂಡೆಯಾಗಿ ಕೂರುತ್ತದೆ, ಕೆಲವು ಸಾಯುತ್ತವೆ. ಇದಕ್ಕೆ ಪರಿಹಾರ ಗೊತ್ತಿದೆ. ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೋ ಆಮ್ಲಗಳ ಚಿಕ್ಕ ತುಣುಕನ್ನು ಎಳೆಗೆ ಜೋಡಿಸಿದರೆ ಜೀವಕೋಶ ಹಿಡಿಯುತ್ತದೆ. ಆ ತುಣುಕಿನ ಮಹತ್ವ 1984ರಲ್ಲೇ ಗೊತ್ತಾಗಿತ್ತು, 1999ರಲ್ಲಿ ಅದನ್ನು ಆಲ್ಜಿನೇಟಿಗೆ ಜೋಡಿಸಿ ತೋರಿಸಿದರು.

ಎರಡನೆಯದು, ಜಾಗ ಬಿಡುವುದು. ಹೊಸ ಅಂಗಾಂಶ ಬೆಳೆಯುತ್ತಾ ಹೋದಂತೆ ಜೆಲ್ ಕರಗಿ ಜಾಗ ಕೊಡಬೇಕು. ಸೆಲ್ಯುಲೋಸ್ ಕರಗುವುದಿಲ್ಲ. ಮಾತ್ರೆಯ ಖಾಲಿ ಜೆಲ್ ಕರುಳಿನಿಂದ ಹೊರಗೆ ಹೋಗಲು ದಾರಿ ಇದೆ, ಹೃದಯದ ಗೋಡೆಯೊಳಗೆ ಇಟ್ಟ ಎಲೆಗೆ ಆ ದಾರಿ ಇಲ್ಲ. ಆಲ್ಜಿನೇಟಿನ ಗಂಟು ಬಿಚ್ಚಿಕೊಳ್ಳುತ್ತದೆ. ಆದರೆ ಅದನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿ ಇಲ್ಲದ ಕಾರಣ, ಉದ್ದನೆಯ ಎಳೆಗಳು ಮೂತ್ರಪಿಂಡ ದಾಟಲಾರದೆ ಉಳಿಯುತ್ತವೆ. ಎಳೆಗಳನ್ನು ಮೊದಲೇ ಸ್ವಲ್ಪ ಆಕ್ಸಿಡೈಸ್ ಮಾಡಿ, ದೇಹದ ನೀರಿನಲ್ಲೇ ಮುರಿಯುವಂತೆ ಮಾಡುವ ವಿಧಾನ ಇದೆ. ಯಾವ ವೇಗದಲ್ಲಿ ಮುರಿಯಬೇಕು ಎನ್ನುವುದು ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ.

ಪ್ರಾಣಿಗಳಲ್ಲಿ ಚೆನ್ನಾಗಿ ಕಂಡದ್ದು ಮನುಷ್ಯರಲ್ಲಿ ಸೋತ ಉದಾಹರಣೆಯೂ ಇದೆ. ಹೃದಯಾಘಾತದ ನಂತರ ಗೋಡೆ ತೆಳುವಾಗಿ ಹಿಗ್ಗದಂತೆ ತಡೆಯಲು, ಹೃದಯದ ರಕ್ತನಾಳದ ಮೂಲಕ ಆಲ್ಜಿನೇಟ್ ದ್ರವವನ್ನು ಬಿಡುವ ಚಿಕಿತ್ಸೆಯೊಂದನ್ನು ಪರೀಕ್ಷಿಸಿದರು. ಸತ್ತ ಭಾಗದ ಕ್ಯಾಲ್ಸಿಯಂ ತಾಗಿ ಅದು ಅಲ್ಲೇ ಜೆಲ್ ಆಗಿ ಆಸರೆ ಕೊಡಬೇಕಿತ್ತು. 303 ರೋಗಿಗಳ ಮೇಲಿನ ಆ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಹೃದಯದ ಗಾತ್ರದಲ್ಲಿ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಂಥ ಫಲಿತಾಂಶವನ್ನೂ ತರಗತಿಯಲ್ಲಿ ಹೇಳಬೇಕು. ಪಾಲಕ್ ಎಲೆಯ ಚಿತ್ರದಷ್ಟೇ ಇದೂ ಕಲಿಸುತ್ತದೆ.

ಈಗ ನಿಜವಾಗಿ ಮುಂದೆ ಸಾಗುತ್ತಿರುವುದು ಲ್ಯಾಬಿಗೆ ಬೇಕಾದ ಜೆಲ್‌ಗಳು. ಜೀವಕೋಶಗಳನ್ನು ಮೂರು ಆಯಾಮದಲ್ಲಿ ಬೆಳೆಸಲು ಬಹಳ ಕಡೆ ಮ್ಯಾಟ್ರಿಜೆಲ್ ಬಳಸುತ್ತಾರೆ. ಅದು ಇಲಿಯ ಗೆಡ್ಡೆಯಿಂದ ತೆಗೆದದ್ದು, ಒಳಗೆ ಏನೇನಿದೆ ಎಂದು ಪೂರ್ತಿ ಹೇಳಲಾಗದ ಮಿಶ್ರಣ. ಅದರ ಬದಲಿಗೆ ಫಿನ್ಲೆಂಡಿನ ಯುಪಿಎಂ ಕಂಪನಿ ಬರ್ಚ್ ಮರದ ನ್ಯಾನೋಸೆಲ್ಯುಲೋಸಿನಿಂದ, ಅಂದರೆ ಅತಿ ಸಣ್ಣ ಸೆಲ್ಯುಲೋಸ್ ಎಳೆಗಳಿಂದ, ಗ್ರೋಡೆಕ್ಸ್ ಎಂಬ ಜೆಲ್ ಮಾಡಿದೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ನ್ಯಾನೋಸೆಲ್ಯುಲೋಸ್ ಮತ್ತು ಆಲ್ಜಿನೇಟ್ ಬೆರೆಸಿ, ಮೃದ್ವಸ್ಥಿಯ ಜೀವಕೋಶಗಳ ಜೊತೆ ತ್ರೀಡಿ ಪ್ರಿಂಟ್ ಮಾಡಿ ತೋರಿಸಿದರು. ಹೊಸ ಔಷಧಿಗಳನ್ನು ಪರೀಕ್ಷಿಸಲು ಇಂಥ ಜೆಲ್ಲಿನಲ್ಲಿ ಬೆಳೆದ ಚಿಕ್ಕ ಅಂಗಾಂಶಗಳು ಸಾಕು. ದೇಹದೊಳಗೆ ಇಡಬೇಕಿಲ್ಲ. ಮುಂದಿನ ಕೆಲವು ವರ್ಷ ಗಿಡದ ಜೆಲ್ ಅಂಗಾಂಶದ ಕೆಲಸದಲ್ಲಿ ಜಾಸ್ತಿ ಉಪಕಾರ ಮಾಡುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಪ್ರಾಜೆಕ್ಟಿನ ಬಗ್ಗೆ ಮಗಳಿಗೆ ಎರಡು ಮಾತು. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಸ್ಥಳೀಯ ಅಂಟು, ಲೋಳೆಗಳ ಮೇಲೆ ಪ್ರಬಂಧಗಳು ಬಹಳ ಬರುತ್ತವೆ. ಬೆಂಡೆ, ದಾಸವಾಳ, ಹುಣಸೆ, ಯಾವುದರಿಂದ ಬೇಕಾದರೂ ಜೆಲ್ ಕಟ್ಟಿ, ಅದರಿಂದ ಔಷಧಿ ಎಷ್ಟು ಗಂಟೆಯಲ್ಲಿ ಬಿಡುಗಡೆಯಾಯಿತು ಎಂದು ಗ್ರಾಫ್ ಹಾಕಿ ಮುಗಿಸುತ್ತಾರೆ. ಜೆಲ್ ಕಟ್ಟುವುದು ಸುಲಭದ ಭಾಗ. ಒಂದೇ ಥರ ಮತ್ತೆ ಮತ್ತೆ ಕಟ್ಟುವುದು ಕಷ್ಟ. ಈ ವರ್ಷದ ಬೀಜ ಮತ್ತು ಹೋದ ವರ್ಷದ ಬೀಜ, ಎರಡು ಊರಿನ ಮರ, ಇವುಗಳಲ್ಲಿ ಎಳೆಯ ಉದ್ದ, ಅಳಿದುಳಿದ ಪ್ರೋಟೀನ್, ಪಾಲಿಫೀನಾಲ್ ಎಲ್ಲ ಬದಲಾಗುತ್ತವೆ. ಗಿಡದ ಅಂಟುಗಳು ಔಷಧಿಯಾಗುವ ದಾರಿಯಲ್ಲಿ ಎಡವುವುದು ಜಾಸ್ತಿ ಇಲ್ಲಿಯೇ. ಹಾಗಾಗಿ ಒಂದೇ ಅಂಟು ತೆಗೆದುಕೊಳ್ಳಲಿ. ನನ್ನನ್ನು ಕೇಳಿದರೆ ಹುಣಸೆ ಬೀಜವೇ ಆಗಲಿ. ಬೇರೆ ಬೇರೆ ಕಡೆಯ, ಬೇರೆ ಬೇರೆ ಕೊಯ್ಲಿನ ಬೀಜ ತಂದು ಒಂದೇ ವಿಧಾನದಲ್ಲಿ ಶುದ್ಧ ಮಾಡಲಿ. ಪ್ರತಿಯೊಂದರ ಮಂದತೆ ಮತ್ತು ಪ್ರೋಟೀನ್ ಅಳೆಯಲಿ. ಆಮೇಲೆ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಸ್ಟೆರೈಲ್ ಮಾಡಿ, ಮತ್ತೆ ಅಳೆಯಲಿ. ಬಿಸಿಗೆ ಎಳೆಗಳು ತುಂಡಾಗಿ ಜೆಲ್ ತೆಳುವಾಗುವುದುಂಟು. ಸ್ಟೆರೈಲ್ ಮಾಡಿದ ಮೇಲೆ ಉಳಿಯದ ಗುಣವನ್ನು ನಂಬಿ ಕಣ್ಣಿನ ಔಷಧಿ ಮಾಡಲಾಗುವುದಿಲ್ಲ.

ಕಾಲೇಜಿನಲ್ಲಿ ಸೌಲಭ್ಯ ಇದ್ದು ಎಂಡೋಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಿಂದ ಬರುವ ವಿಷ) ಪರೀಕ್ಷೆಯನ್ನೂ ಮಾಡುವುದಾದರೆ ಒಂದು ಎಚ್ಚರಿಕೆ. ಗಿಡ ಮತ್ತು ಫಂಗಸ್ಸಿನಿಂದ ಬರುವ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಗಳು, ಎಂಡೋಟಾಕ್ಸಿನ್ ಪತ್ತೆಗೆ ಸಾಮಾನ್ಯವಾಗಿ ಬಳಸುವ ಎಲ್ಎಎಲ್ ಪರೀಕ್ಷೆಯಲ್ಲಿ ಎಂಡೋಟಾಕ್ಸಿನ್ ಇಲ್ಲದಿದ್ದರೂ ಇದೆ ಎಂದು ತೋರಿಸಬಲ್ಲವು. ಅದನ್ನು ತಡೆಯುವ ಬಫರ್ ಸಿಗುತ್ತದೆ, ಅದನ್ನು ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡಿ ಎರಡೂ ಅಂಕಿಯನ್ನು ಬರೆದಿಡಲಿ.